ಹಿಂದಿನ ಸಾಲಿನ ಟ್ರಂಪೆಟ್

ಚನ್ನಪಟ್ಟಣ
ಭಾನುವಾರ, 18-5-2025

ಚಿ. ಸೌ. ಸುಚಿತ್ರಾಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

'ಇತ್ತ ನಾವೆಲ್ಲ ಕ್ಷೇಮ' ಎಂದು ಮೊದಲ ಸಾಲಿನಲ್ಲೇ ಬರೆಯುವುದು ಪದ್ಧತಿ. ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ಮೊತ್ತ ಮೊದಲು ಬರೆದು ಆಮೇಲೆ ಕೂಡಿ ನನಗೆ ಅಭ್ಯಾಸವಿಲ್ಲ. ಕೆಳಗೆ ಹೋಗಿ ಲೆಕ್ಕ ಸರಿಹೋದರೆ ಬರೆಯೋಣ.

ಕಾಗದ ತಡವಾಯಿತು, ಮನ್ನಿಸು. ನಿಜ ಹೇಳಬೇಕೆಂದರೆ ನಿನಗೆ ನಾನು ಬರೆಯುತ್ತಿರುವ ಮೊದಲನೆಯ ಕಾಗದವೇ ಇದು. ನೀನು ಬಾಗಲಕೋಟೆಯ ಕಾಲೇಜಿಗೆ ಕೆಮಿಸ್ಟ್ರಿ ಪಾಠ ಮಾಡಲು ಹೋದ ಮೇಲೆ ನಮ್ಮ ಅಪ್ಪ ಮಗಳ ಸಂಸಾರವೆಲ್ಲ ಭಾನುವಾರದ ಫೋನಿನಲ್ಲೇ ನಡೆಯಿತು. ಯುಗಾದಿ ಕಳೆದ ಮೇಲಿನ ಆ ಭಾನುವಾರದಿಂದ ಈಚೆಗೆ ನಿನ್ನ ಫೋನ್ ಬಂದಿಲ್ಲ. ನಾನೂ ಮಾಡಿಲ್ಲ. ನಿನ್ನ ಅಮ್ಮ ತಾನೇ ಮಾಡಿದಾಗ, "ಅಪ್ಪಂಗೆ ಎಲ್ಲಾ ಹೇಳಿದೀನಮ್ಮ, ಅವರನ್ನೇ ಕೇಳು" ಎಂದು ಇಟ್ಟುಬಿಟ್ಟೆಯಂತೆ. ಅವತ್ತಿನಿಂದ ಅವಳು ನನ್ನ ಹಿಂದೆ ಬಿದ್ದಿದ್ದಾಳೆ.

"ಏನಂದ್ಲು ಮಗ್ಳು?"

"ಏನಿಲ್ಲ ಬುಡು."

"ಏನಿಲ್ದಿದ್ರೆ ನನ್ನತ್ರ ಯಾಕೆ ಬಾಯ್ ಬುಡಾಕಿಲ್ಲ? ಹೆತ್ತೋಳು ನಾನಾ, ನೀವಾ?"

ಇವತ್ತಿನವರೆಗೆ ನಾನು ಬಾಯಿ ಬಿಟ್ಟಿಲ್ಲ. ಗುಟ್ಟು ಕಾಯುವವನ ಮುಖ ಹಾಕಿಕೊಂಡು ಮಜ್ಜಿಗೆ ಅನ್ನ ಉಣ್ಣುತ್ತಿದ್ದೇನೆ. ಅವಳು ಬಡಿಸುವ ಸೌಟಿನ ಸದ್ದಿನಲ್ಲೇ ಎಷ್ಟು ಸಿಟ್ಟಿದೆ ಎಂದು ಅಂದಾಜು ಮಾಡಬಹುದು, ಆದರೆ ಸೌಟಿನ ಸದ್ದಿನ ಮಾತೂ ಈಗ ಬೇಡ. ಆ ಭಾನುವಾರದ ವಿಷಯಕ್ಕೇ ಈ ಕಾಗದ. ಅದಕ್ಕೆ ಮೊದಲು ಬ್ಯಾಂಡಿನ ವಿಷಯ ಪೂರ್ತಿ ಹೇಳಬೇಕು. ಫೋನಿನಲ್ಲಿ ಜಂಬದ ಭಾಗವನ್ನಷ್ಟೇ ಹೇಳಿದ್ದೆ.

ರೇಷ್ಮೆ ನೂಲು ಹುರಿ ಮಾಡುವ ನಮ್ಮ ಮಿಷನ್ನುಗಳನ್ನು ಅಶೋಕನಿಗೆ ವಹಿಸಿದ್ದು ನಿನಗೆ ಗೊತ್ತು. ನನ್ನ ತಮ್ಮನ ಮಗ, ಒಳ್ಳೆಯವನೇ, ಆದರೆ ನೂಲು ಕಿತ್ತಾಗ ಮಿಷನ್ ನಿಲ್ಲಿಸುವುದಕ್ಕಿಂತ ಮೊದಲು ಫೋಟೊ ತೆಗೆಯುತ್ತಾನೆ. ನಾನು ಹೋಗಿ ನಿಂತರೆ ಅವನಿಗೂ ಇರುಸುಮುರುಸು, ನನಗೂ ಇರುಸುಮುರುಸು. ಕೆಲಸ ಬಿಟ್ಟ ಗಂಡಸು ಮನೆಯಲ್ಲಿ ಕೆಟ್ಟ ಮಿಕ್ಸಿಯ ಹಾಗೆ. ಜಾಗಕ್ಕೆ ದಂಡ, ಎಸೆಯಲು ಮನಸ್ಸು ಬಾರದು. ಹೀಗೆ ತಿರುಗುತ್ತ ಒಂದು ಸಂಜೆ ಬೊಂಬೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಮೆಹಬೂಬರ ಬ್ಯಾಂಡ್ ಶೆಡ್ಡಿನ ಮುಂದೆ ನಿಂತಿದ್ದೆ.

ಮದುವೆಗೆ ಮೊದಲು ನಾನು ಮೆಹಬೂಬರ ತಂದೆಯ ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದೆ ಎಂಬುದನ್ನು ನೀನು ಬಹಳ ದಿನ ನಂಬಿರಲಿಲ್ಲ. ಊದಿದ್ದು ಹೌದು, ಬಿಟ್ಟಿದ್ದೂ ಹೌದು. ನಮ್ಮೂರು ಕಲ್ಯದಿಂದ ನಿನ್ನ ತಾತ ಬಂದು, ಒಂದು ಮೆರವಣಿಗೆಯ ನಡುವೆಯೇ ನನ್ನ ಕೆಂಪು ಕೋಟಿನ ಕಾಲರು ಹಿಡಿದು, "ಹೊಲ ಗದ್ದೆ ಇರೋ ಮನೆ ಮಗ ಕಂಡೋರ್ ಗಂಡಿನ ಮುಂದೆ ಊದ್ಕಂಡ್ ಓಯ್ತಾ ಇದೀಯೇನ್ಲಾ" ಎಂದು ಎಳೆದುಕೊಂಡು ಹೋದರು. ಆ ಕೋಟು ಬ್ಯಾಂಡಿನದು, ಮಾರನೆಯ ದಿನ ಮೆಹಬೂಬರೇ ಬಂದು ಇಸಿದುಕೊಂಡು ಹೋದರು. ಆಮೇಲೆ ನಾನು ರೇಷ್ಮೆಗೆ ಬಿದ್ದೆ.

"ಏನ್ ಗಂಗಣ್ಣ, ದಾರಿ ನೆನ್ಪೈತಾ ಇನ್ನೂ?" ಎಂದರು ಮೆಹಬೂಬ್. ಹುಣಸೆಹಣ್ಣು ಹಚ್ಚಿ ಟ್ರಂಪೆಟ್ ಉಜ್ಜುತ್ತ ಕೂತಿದ್ದರು. ಗಡ್ಡ ಬೆಳ್ಳಗಾಗಿದೆ, ಹಿತ್ತಾಳೆ ಮಾತ್ರ ಹಾಗೇ ಇದೆ. "ತಗೋ, ಊದು. ಯಾರೂ ನಿನ್ ಕಾಲರ್ ಹಿಡಿಯೋರಿಲ್ಲ ಈಗ."

ಮೊದಲ ದಿನ ಬಂದ ಸದ್ದಿಗೆ ಓಣಿಯ ನಾಯಿ ಎದ್ದು ಬೇರೆ ಕಡೆ ಹೋಗಿ ಮಲಗಿತು. "ಕೆನ್ನೆ ಉಬ್ಬುಸ್ಬ್ಯಾಡ, ಬೋಂಡ ಇಟ್ಕಂಡಂಗೆ! ತುಟಿ ಬಿಗಿ, ಗಾಳಿ ಹೊಟ್ಟೆಯಿಂದ. ಎಲ್ಲಾ ಮರ್ತ್ಬುಟ್ಟಿದೀಯ ಮಾರಾಯ" ಎಂದು ಮೆಹಬೂಬ್ ತಲೆ ಚಚ್ಚಿಕೊಂಡರು. ತುಟಿ ಊದಿಕೊಂಡು ಮನೆಗೆ ಬಂದರೆ ನಿನ್ನ ಅಮ್ಮ, "ಯಾರತ್ರ ಒದೆ ತಿಂದ್ಕಂಡ್ ಬಂದ್ರಿ?" ಎಂದಳು. ಮನೆಯಲ್ಲಿ ಅಭ್ಯಾಸಕ್ಕೆ ಹಿತ್ತಲಿನ ನೀರಿನ ಟ್ಯಾಂಕಿನ ಹಿಂದೆ ಜಾಗ ಕೊಟ್ಟಳು, ಅದೂ ಹಾಲು ಕರೆಯುವ ಹೊತ್ತು ಬಿಟ್ಟು.

ಆದರೆ ಒಂದು ಮಾತು ಹೇಳುತ್ತೇನೆ. ಆ ಮೊದಲ ದಿನವೇ, ತುಟಿಗೆ ಒತ್ತಿದ ಹಿತ್ತಾಳೆಯಿಂದ ಸದ್ದು ಹಲ್ಲಿಗೆ ಬಂದು, ಹಲ್ಲಿನಿಂದ ದವಡೆಗೆ, ದವಡೆಯಿಂದ ನೆತ್ತಿಗೆ ಏರಿತು. ಮುಚ್ಚಿದ್ದ ಕೋಣೆಯಲ್ಲಿ ಯಾರೋ ಲೈಟು ಹಾಕಿದ ಹಾಗಾಯಿತು. ಎಷ್ಟೋ ವರ್ಷದಿಂದ ಯಾವ ಸದ್ದೂ ನನ್ನ ಅಷ್ಟು ಹತ್ತಿರಕ್ಕೆ ಬಂದಿರಲಿಲ್ಲ. ಟಿವಿ, ಬಸ್ಸಿನ ಹಾರನ್ನು, ನಿನ್ನ ಅಮ್ಮನ ಬೈಗುಳ ಎಲ್ಲ ಪಕ್ಕದ ಮನೆಯಲ್ಲಿ ನಡೆಯುತ್ತಿರುವಂತೆ ಆಗಿಹೋಗಿತ್ತು. ವಯಸ್ಸಾದ ಮೇಲೆ ಲೋಕ ತಾನಾಗಿ ಮೆತ್ತಗಾಗುತ್ತದೆ, ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ. ಯಾಕೆ ಹೀಗೆ ಎಂದು ಕೇಳಿಕೊಳ್ಳಲಿಲ್ಲ. ಪುಕ್ಕಟೆ ಬಂದ ನೆಮ್ಮದಿಗೆ ಯಾರಾದರೂ ಬಿಲ್ಲು ಕೇಳುತ್ತಾರೆಯೇ?

ದಿನಾ ಹೋಗತೊಡಗಿದೆ. ತುಟಿ ಗಟ್ಟಿಯಾಯಿತು. ಮೆಹಬೂಬರ ಮಗ ಶಾಹಬಾಜ್ ದೊಡ್ಡ ಡ್ರಮ್ಮು ಬಾರಿಸುತ್ತಾನೆ, ಅವನೇ ನನಗೆ ಜೊತೆ. ಮೆರವಣಿಗೆ ಧಾಟಿಯೊಂದರ ಕೊನೆಯಲ್ಲಿ ಟ್ರಂಪೆಟ್ ಒಂದೇ ಮೇಲಕ್ಕೆ ಹತ್ತಿ ಅಲ್ಲೇ ನಿಲ್ಲಬೇಕಾದ ಒಂದು ಸ್ವರವಿದೆ. ಹರೆಯದಲ್ಲಿ ಅದು ನನ್ನದಾಗಿತ್ತು. ಈಗ ಅದರ ಹತ್ತಿರ ಹೋಗಿ ಹೋಗಿ ಜಾರುತ್ತಿದ್ದೆ. "ಗಂಗಣ್ಣ, ಒಸಿ ಮೆಲ್ಲಗೆ ಊದು, ಪಕ್ಕದೋರ್ದು ಕೇಳ್ಕಂಡು ಊದು" ಎಂದು ಮೆಹಬೂಬ್ ಎಷ್ಟು ಸಲ ಹೇಳಿದರೋ. ಈ ವಯಸ್ಸಿನಲ್ಲೂ ಇಷ್ಟು ದಮ್ಮಿದೆಯಲ್ಲ ಎಂದು ಹೊಗಳುತ್ತಿದ್ದಾರೆ ಎಂದೇ ನಾನು ತಿಳಿದೆ.

ಮದುವೆ ಸೀಸನ್ನಿಗೆ ಕೋಟು ಕೊಟ್ಟರು. ಹೊಟ್ಟೆಯ ಬಳಿ ಗುಂಡಿ ಕೂಡಲಿಲ್ಲ, ನಿನ್ನ ಅಮ್ಮ ಪಿನ್ನು ಹಾಕಿದಳು. ಹೊಸಬರಿಗೆ ಹಿಂದಿನ ಸಾಲು, ಅದು ಬ್ಯಾಂಡಿನ ಕಾನೂನು. ಮೆಹಬೂಬರ ಸೆಟ್ಟಿನಲ್ಲಿ ಇನ್ನೊಂದು ಕಾನೂನಿದೆ. ಮೆರವಣಿಗೆಯ ದಾರಿಯಲ್ಲಿ ಸಾವಿನ ಮನೆ ಸಿಕ್ಕರೆ ಅವರು ಸೀಟಿ ಊದುತ್ತಾರೆ. ಡ್ರಮ್ಮು ನಿಲ್ಲುತ್ತದೆ. ಡ್ರಮ್ಮು ನಿಂತದ್ದು ಕೇಳಿ ಹಿಂದಿನ ಸಾಲೂ ನಿಲ್ಲುತ್ತದೆ. ವಾದ್ಯ ಕೆಳಗಿಳಿಸಿ, ಆ ಬೀದಿ ತಿರುಗುವ ತನಕ ಹೆಜ್ಜೆ ಸಪ್ಪಳವೂ ಆಗದಂತೆ ನಡೆಯಬೇಕು. ಗಂಡಿನ ಕಡೆಯವರು ಎಷ್ಟೇ ದೊಡ್ಡವರಾಗಿರಲಿ, ಇದರಲ್ಲಿ ಚೌಕಾಸಿಯಿಲ್ಲ. ಅವರ ತಂದೆಯ ಕಾಲದಲ್ಲೂ ಹೀಗೇ ಇತ್ತು. ನನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ಹೋದ ತಿಂಗಳ ಕೊನೆಯ ವಾರ ಒಂದು ಸಂಜೆ, ಇನ್ನೂ ಬೆಳಕಿತ್ತು, ಇದೇ ಚನ್ನಪಟ್ಟಣದಲ್ಲಿ ಗಂಡಿನ ಮೆರವಣಿಗೆ. ನನ್ನ ಧಾಟಿ ಬಂತು. ತುಟಿ ಬಿಗಿದೆ, ಕಣ್ಣು ಮುಚ್ಚಿದೆ, ಹತ್ತಿದೆ. ಸುಚಿ, ಸ್ವರ ಸಿಕ್ಕಿತು. ಜಾರಲಿಲ್ಲ. ತಲೆಬುರುಡೆಯೆಲ್ಲ ಗಂಟೆಯಂತೆ ಮೊಳಗುತ್ತಿತ್ತು. ಅದನ್ನು ಬಿಡಲು ಮನಸ್ಸಾಗದೆ ಇನ್ನೊಂದು ಸುತ್ತು ಎಳೆದೆ, ಮತ್ತೊಂದು ಸುತ್ತು ಎಳೆದೆ. ಆಗ ಯಾರೋ ಭುಜ ಹಿಡಿದು ಜಗ್ಗಿದರು. ಕಣ್ಣು ಬಿಟ್ಟರೆ ಶಾಹಬಾಜ್. ಡ್ರಮ್ಮಿನ ಕೋಲುಗಳು ಅವನ ಸೊಂಟದಲ್ಲಿದ್ದವು. ಇಡೀ ಬ್ಯಾಂಡು ವಾದ್ಯ ಕೆಳಗಿಳಿಸಿ ನಿಂತಿತ್ತು. ನನ್ನ ಎಡಗಡೆ ಒಂದು ಮನೆ, ಬಾಗಿಲ ಮುಂದೆ ಕೊರಡಿಗೆ ಬೆಂಕಿ ಹಾಕಿದ್ದರು, ಸುತ್ತ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಬ್ಬ ಹುಡುಗ ಎದ್ದು ಬಂದು ಮುಖಕ್ಕೆ ಮುಖ ಕೊಡದೆ ಬೆಂಕಿಯ ಕಡೆ ತಿರುಗಿ ಏನೋ ಕೂಗಿದ. ಅವನ ಕತ್ತಿನ ನರ ಉಬ್ಬಿದ್ದು ಕಂಡಿತು. ಮಾತು ನನ್ನವರೆಗೆ ಬರಲಿಲ್ಲ.

ಮೆಹಬೂಬ್ ನಮ್ಮನ್ನೆಲ್ಲ ಮುಂದೆ ನಡೆಸಿದರು. ಕೆಲಸ ಮುಗಿದ ಮೇಲೆ ಟೀ ಹೋಟೆಲಿನಲ್ಲಿ ಕೂತಾಗ ನಾನೇ ಕೇಳಿದೆ, "ಆ ಹುಡುಗ ಏನಂದ?"

"ಕೇಳಿಸ್ಲಿಲ್ವಾ ನಿಂಗೆ?"

"ಗಲಾಟೇಲಿ..."

"ಯಾವ್ ಗಲಾಟೆ? ಸೂಜಿ ಬಿದ್ರೆ ಕೇಳಂಗಿತ್ತು ಗಂಗಣ್ಣ." ಮೆಹಬೂಬ್ ಟೀ ಲೋಟ ಕೆಳಗಿಟ್ಟರು. ಆಮೇಲೆ ಎದ್ದು ಹೋಗಿ, ಬೆನ್ನು ನನ್ನ ಕಡೆ ಮಾಡಿ, ಬನ್ನಿನ ಗಾಜಿನ ಭರಣಿ ನೋಡುತ್ತ ನಿಂತರು. ತಿರುಗಿ ಬಂದು ಕೂತರು. ಅವರ ಕಣ್ಣು ಒದ್ದೆಯಾಗಿತ್ತು. "ನಿನ್ನ ಕರೀತಾನೇ ಇದ್ದೆ ಅಲ್ಲಿಂದ. ಬೈದೂ ಬೈದೆ. ನೀನ್ ಟೀ ಕುಡೀತಾ ಕೂತಿದ್ದೆ."

ಆ ಹುಡುಗನ ಮಾತು ಹೇಳಲೇಬೇಕು ಎಂದು ನಾನು ಹಟ ಹಿಡಿದೆ. ಪಾಪ, ಮೆಲ್ಲಗೆ ಹೇಳಿದರೆ ನನಗೆ ಕೇಳದು ಎಂಬ ಗಾಬರಿಯಲ್ಲಿ, ನನ್ನ ಕಿವಿಗೆ ಬಾಯಿ ಇಟ್ಟು ಕಿರುಚಿಯೇ ಹೇಳಿದರು: "'ನಿಮ್ಮನೇಲಿ ಅಳ್ತಾ ಇರುವಾಗ್ಲೂ ಹಿಂಗೇ ಊದ್ತೀಯೇನಯ್ಯಾ' ಅಂದ!" ಹೋಟೆಲಿನವರೆಲ್ಲ ತಿರುಗಿ ನೋಡಿದರು. ಕ್ಯಾಷಿನಲ್ಲಿ ಕೂತಿದ್ದವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ.

ಇಷ್ಟು ವರ್ಷ ಇದು ಯಾರಿಗೂ, ನನಗೂ, ಹೇಗೆ ಗೊತ್ತಾಗಲಿಲ್ಲ ಎಂದು ನೀನು ಕೇಳಬಹುದು. ನಮ್ಮ ಹುರಿ ಮಿಷನ್ ಮನೆ ನೆನಪು ಮಾಡಿಕೋ. ಸಾಲಿಗೆ ಸಾಲು ಕದಿರು ತಿರುಗುವ ಆ ಮೊರೆತದಲ್ಲಿ ಯಾರ ದನಿ ಯಾರಿಗೆ ಕೇಳುತ್ತಿತ್ತು? ನಾವು ಅಲ್ಲಿ ದುಡಿದವರೆಲ್ಲ ತುಟಿ ನೋಡಿಯೇ ಮಾತಾಡಿದವರು. ನೀನೂ ಅಷ್ಟೇ, ಸ್ಕೂಲು ಬಿಟ್ಟು ಬಂದು ನೂಲಿನ ಮೂಟೆಯ ಮೇಲೆ ಕೂತು, ಆ ಸದ್ದಿನ ನಡುವೆ ದನಿಯೇ ಇಲ್ಲದೆ ಬರೀ ಬಾಯಾಡಿಸಿ ದಿನದ ಕಥೆಯೆಲ್ಲ ಹೇಳುತ್ತಿದ್ದೆ. ಜ್ಯೋತಿಲಕ್ಷ್ಮಿ ಮಿಸ್ಸು ಹೊಡೆದದ್ದು, ಯಾರೋ ನಿನ್ನ ರಬ್ಬರು ಕದ್ದದ್ದು. ಒಂದು ಪದವೂ ನನಗೆ ತಪ್ಪುತ್ತಿರಲಿಲ್ಲ. ಆ ಮಿಷನ್ನೇ ನನ್ನ ಕಿವಿ ತಿಂದಿತು, ಆ ಮಿಷನ್ನೇ ಕಲಿಸಿದ ವಿದ್ಯೆ ಅದನ್ನು ಮುಚ್ಚಿಟ್ಟಿತು. ಎದುರಿಗೆ ಇರುವವರ ಮಾತು ನನಗೆ ಇಂದಿಗೂ ಪೂರ್ತಿ ತಿಳಿಯುತ್ತದೆ. ಬೆನ್ನು ಹಾಕಿದವರದ್ದು, ನಾನು ಕಣ್ಣು ಮುಚ್ಚಿದಾಗ ಆಡಿದ್ದು ತಿಳಿಯುವುದಿಲ್ಲ. ಇನ್ನೂ ಒಂದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಆ ಮನೆಗೆ ಹೋಗಿದ್ದೆ. ತಿಥಿ ಕಳೆದ ಮೇಲೆ, ಒಬ್ಬನೇ. ತೀರಿಕೊಂಡವರ ಹೆಂಡತಿ ವೆಂಕಟಲಕ್ಷ್ಮಮ್ಮ ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ಕೂತು ತಪ್ಪಾಯಿತು ಎಂದೆ, ಕಿವಿಯ ಕಥೆಯನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಸೆರಗಿನ ಅಂಚು ಸುತ್ತುತ್ತ ಹೇಳಿದರು: "ಬೇಕಂತ ಮಾಡಿದ್ರೆ ಬೈದು ಮರೀಬೋದಾಗಿತ್ತು ಕಣಣ್ಣ. ಬೇಕಂತ ಮಾಡ್ದೇ ಇರಾದ್ನ ಎಲ್ಲಿಗ್ ಹಾಕಾನ?" ಕಾಫಿ ಕೊಟ್ಟರು. ಕುಡಿದು ಎದ್ದು ಬಂದೆ.

ರಾಮನಗರದಲ್ಲಿ ಕಿವಿ ಡಾಕ್ಟರಿಗೆ ತೋರಿಸಿದ್ದೇನೆ. ಚಿಕ್ಕ ಹುಡುಗಿ, ನಿನ್ನ ಸ್ಟೂಡೆಂಟಿನ ಹಾಗಿದ್ದಾಳೆ. ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಕಿವಿಗೆ ಏನೋ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದಳು. ನಾನು ಬುದ್ಧಿವಂತ ನೋಡು, ಗಾಜಿನಾಚೆ ಅವಳ ಕೈ ಅಲ್ಲಾಡಿದಾಗೆಲ್ಲ ಒತ್ತುತ್ತಿದ್ದೆ. ಅವಳು ಎದ್ದು ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಆಮೇಲೆ ನಾನು ಒತ್ತಿದ್ದು ಕಡಿಮೆ. ಕಿವಿಗೆ ಹಾಕುವ ಮಿಷನ್ನಿಗೆ ಅಳತೆ ತೆಗೆದುಕೊಂಡಿದ್ದಾಳೆ, ಬರಬೇಕು. ಟ್ರಂಪೆಟ್ಟಿನ ಮಾತು ಎತ್ತಿದ್ದಕ್ಕೆ, "ಅಂಕಲ್, ಉಳಿದಿರೋದು ಸ್ವಲ್ಪ. ಅದನ್ನ ಯಾವುದಕ್ಕೆ ಇಟ್ಕೋತೀರ ನೀವೇ ಯೋಚನೆ ಮಾಡಿ" ಎಂದಳು. ವ್ಯಾಪಾರದ ಮಾತನ್ನು ವ್ಯಾಪಾರಿಗೇ ಹೇಳಿಬಿಟ್ಟಳು.

ಟ್ರಂಪೆಟ್ಟನ್ನು ಹುಣಸೆಹಣ್ಣಿನಲ್ಲಿ ತೊಳೆದು ವಾಪಸು ಕೊಡಲು ಒಯ್ದೆ. ಮೆಹಬೂಬ್ ಕೈಗೆ ತೆಗೆದುಕೊಳ್ಳಲಿಲ್ಲ. "ಮುಂದಿನ ಸಾಲಿಗೆ ಬಾ. ಸೀಟಿ ಕೇಳ್ಬ್ಯಾಡ, ನನ್ ಕೈ ನೋಡು. ನಾನ್ ಕೈ ಎತ್ತಿದ್ರೆ ನಿಲ್ಸು" ಎಂದರು. ಸುಳ್ಳು ಹೇಳುವುದಿಲ್ಲ, ಮನಸ್ಸು ಜಗ್ಗಿತು. ಇಡೀ ಹರೆಯದಲ್ಲಿ ಮುಂದಿನ ಸಾಲಿಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಬೆಂಚಿನ ಮೇಲಿಟ್ಟು ಬಂದುಬಿಟ್ಟೆ. ಓಣಿ ತಿರುಗುವಾಗ ಹಿಂದಿನಿಂದ ಅವರು ಏನಾದರೂ ಕೂಗಿದರೋ ಏನೋ.

ಉಳಿದಂತೆ, ನಿನ್ನ ಅಮ್ಮ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದಾಳೆ, ನಿನ್ನ ಭರಣಿಗೆ ಬೇರೆ ಬಟ್ಟೆ ಕಟ್ಟಿದ್ದಾಳೆ. ಹಿತ್ತಲಿನ ಟ್ಯಾಂಕಿನ ಹಿಂದೆ ಈಗ ನಿಶ್ಶಬ್ದವಾಗಿದೆ ಎಂದು ಅವಳೇ ಒಂದು ದಿನ ಅಂದಳು, ಬೇಜಾರಿನಲ್ಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಬಿಸಿಲಲ್ಲಿ ಕಾಲೇಜಿಗೆ ನಡೆಯಬೇಡ. ಸಾವನದುರ್ಗದ ನರಸಿಂಹಸ್ವಾಮಿ ನಿನ್ನನ್ನು ಕೈ ಹಿಡಿದು ನಡೆಸಲಿ, ನಾನು ಹಿಡಿಯದೆ ಹೋದ ಕಡೆಗಳಲ್ಲೂ. ಆಯುಷ್ಯ ಆರೋಗ್ಯ ಕೊಟ್ಟು ಕಾಪಾಡಲಿ.

ನಿನ್ನ ಅಪ್ಪ,
ಗಂಗಹನುಮಯ್ಯ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಆ ಭಾನುವಾರದ ಮಾತಿಗೇ ಬರದೆ ಸಹಿ ಹಾಕಿಬಿಟ್ಟೆ.

ಇನ್ನೂ ಒಂದಿದೆ ಎಂದೆನಲ್ಲ, ಅದು ಫೋನು. ಫೋನಿನಲ್ಲಿ ತುಟಿ ಇರುವುದಿಲ್ಲ. ವಿಡಿಯೊ ಹಾಕಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಹೋದ ವರ್ಷದಿಂದ ನೀನು ಹೇಳಿದ್ದೊಂದೂ ನನಗೆ ಸರಿಯಾಗಿ ಕೇಳಿಲ್ಲ. ದನಿಯ ಏರಿಳಿತ ಕೇಳುತ್ತಿತ್ತು, ಅದಕ್ಕೇ ಸಂತೋಷಪಟ್ಟುಕೊಂಡು 'ಹೂಂ' ಎಂದೆ, 'ಒಳ್ಳೇದಾಯ್ತು ಬುಡವ್ವ' ಎಂದೆ, 'ಧೈರ್ಯವಾಗಿರು' ಎಂದೆ. ಯಾವ ಮಾತಿಗಾದರೂ ಹೊಂದುವ ಉತ್ತರಗಳು.

ಆ ಭಾನುವಾರ ನಿನ್ನ ಫೋನ್ ಬಂದಾಗ ನಾನು ಮೆಹಬೂಬರ ಶೆಡ್ಡಿನಲ್ಲಿದ್ದೆ. ಆ ಮೇಲಿನ ಸ್ವರ ಅವತ್ತು ಮೊದಲ ಸಲ ಒಂದು ಕ್ಷಣ ಸಿಕ್ಕಿತ್ತು. ನೀನು ಬಹಳ ಹೊತ್ತು ಮಾತಾಡಿದೆ. ನಾನು ನನ್ನ ಮೂರೂ ಉತ್ತರ ಕೊಟ್ಟೆ. ಆಮೇಲೆ "ತಾಳು, ಒಂದು ಕೇಳಿಸ್ತೀನಿ" ಎಂದು ಫೋನನ್ನು ಬೆಂಚಿನ ಮೇಲಿಟ್ಟು ಮದುವೆ ಮೆರವಣಿಗೆಯ ಧಾಟಿಯನ್ನು ಪೂರ್ತಿ ಊದಿದೆ. ಎತ್ತಿಕೊಂಡರೆ ಲೈನಿರಲಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡು ಖುಷಿಯಾಗಿ ಮನೆಗೆ ಬಂದೆ.

ಟ್ರಂಪೆಟ್ ಕೊಡಲು ಹೋದ ದಿನ ಶಾಹಬಾಜ್ ಹೇಳಿದ. ನನ್ನ ಫೋನಿನ ಸೌಂಡು ಯಾವಾಗಲೂ ಪೂರ್ತಿ ಇರುತ್ತದಲ್ಲ. "ಅಂಕಲ್, ಅವತ್ತು ಅಕ್ಕ ಅಳ್ತಾ ಇದ್ರು. ಮಾತು ತಿಳೀಲಿಲ್ಲ, ಅಳು ನಂಗೂ ಕೇಳಿಸ್ತು. ನೀವು ನಗ್ತಾ ಇದ್ರಿ. ಏನೋ ನಿಮ್ ಮನೆ ವಿಷ್ಯ ಅಂತ ನಾನ್ ಸುಮ್ನಾದೆ."

ಮೇಲೆ, ನರಸಿಂಹಸ್ವಾಮಿಯ ಮಾತಿಗಿಂತ ಮೊದಲು, ಒಂದು ಸಾಲು ಹೊಡೆದುಹಾಕಿದ್ದೇನೆ, ನೋಡಿರುತ್ತೀಯ. 'ಅಳಿಯಂದಿರು ಶಿವಕುಮಾರರಿಗೆ ನನ್ನ ಆಶೀರ್ವಾದ ತಿಳಿಸು' ಎಂದಿತ್ತು. ಬರೆಯಬಹುದೋ ಬರೆಯಬಾರದೋ ನನಗೆ ಗೊತ್ತಿಲ್ಲ. ನಿನ್ನ ಅಮ್ಮನಿಂದ ನಾನು ಕಾಯುತ್ತಿರುವ ಗುಟ್ಟು ಏನೆಂದೇ ನನಗೆ ಗೊತ್ತಿಲ್ಲ ಸುಚಿ. 'ಇತ್ತ ಕ್ಷೇಮ' ಎಂಬ ಸಾಲು ಅದಕ್ಕೇ ಖಾಲಿ ಉಳಿಯಿತು.

ಬರೆದು ತಿಳಿಸು. ಬರೆಯುವಂಥದ್ದಲ್ಲದಿದ್ದರೆ ಬಾ. ಬರಲು ಮನಸ್ಸಿಲ್ಲದಿದ್ದರೆ ಒಂದು ಕಾರ್ಡು ಹಾಕು, ನಾನೇ ಬಾಗಲಕೋಟೆಯ ಬಸ್ಸು ಹತ್ತುತ್ತೇನೆ. ಜೋರಾಗಿ ಹೇಳಬೇಕಾಗಿಲ್ಲ, ದನಿಯೇ ಬೇಡ. ಮಿಷನ್ ಮನೆಯಲ್ಲಿ ಹೇಳುತ್ತಿದ್ದ ಹಾಗೆ ನನ್ನ ಎದುರಿಗೆ ಕೂತು ಹೇಳು. ಕಣ್ಣು ಬಿಟ್ಟುಕೊಂಡು ಕೂತಿರುತ್ತೇನೆ.